ನಂಬರ್ ಒನ್ ಹಾಡಿಗೆ ಎರಡೇ ಸ್ಟಾರ್ ಏಕೆ?

ಓದುಗರ ಪತ್ರ: ಬಿಡಿಯಾಗಿ ಬರುವ ಹಾಡುಗಳನ್ನು ವಿಮರ್ಶಿಸುವ ‘ಹೊಸ ಸಿಂಗಲ್ಸ್’ ಅಂಕಣದಲ್ಲಿ ನೀವು ಎರಡು ಸ್ಟಾರ್ ಕೊಟ್ಟು ಕೈತೊಳೆದುಕೊಂಡ ಹಾಡು ಮರುವಾರವೇ ಬ್ರಿಟನ್ನಿನ ಚಾರ್ಟ್‌ನಲ್ಲಿ (ವಾರದ ಜನಪ್ರಿಯ ಹಾಡುಗಳ ಪಟ್ಟಿಯಲ್ಲಿ) ಮೊದಲ ಸ್ಥಾನಕ್ಕೇರಿದೆ. ಲಕ್ಷಾಂತರ ಜನ ಒಪ್ಪಿದ್ದನ್ನು ನಿಮ್ಮ ವಿಮರ್ಶಕರೊಬ್ಬರು ತಳ್ಳಿಹಾಕುವುದು ಯಾವ ನ್ಯಾಯ? ರೇಟಿಂಗ್ ತಿದ್ದಿ. ಇನ್ನು ಮುಂದೆ ಚಾರ್ಟ್ ಸ್ಥಾನವನ್ನೂ ಪಕ್ಕದಲ್ಲೇ ಹಾಕಿ.

ಸಂಪಾದಕರ ಉತ್ತರ: ರೇಟಿಂಗ್ ತಿದ್ದುವುದಿಲ್ಲ. ಏಕೆಂದು ಹೇಳುತ್ತೇನೆ.

1952ರ ನವೆಂಬರ್‌ನಲ್ಲಿ ಬ್ರಿಟನ್ನಿನ ಮೊದಲ ಸಿಂಗಲ್ಸ್ ಚಾರ್ಟ್ ತಯಾರಾದದ್ದು ಫೋನಿನಲ್ಲಿ. ನ್ಯೂ ಮ್ಯೂಸಿಕಲ್ ಎಕ್ಸ್‌ಪ್ರೆಸ್ ಪತ್ರಿಕೆಯವರು ಸುಮಾರು 20 ರೆಕಾರ್ಡ್ ಅಂಗಡಿಗಳಿಗೆ ಫೋನ್ ಮಾಡಿ, ಯಾವುದು ಹೆಚ್ಚು ಮಾರಾಟವಾಯಿತು ಎಂದು ಕೇಳಿ ಬರೆದುಕೊಂಡರು. ಅದು ಜೇಬಿನಿಂದ ದುಡ್ಡು ತೆಗೆದವರ ಲೆಕ್ಕ. 2014ರಿಂದ ಅದರೊಳಗೆ ಸ್ಟ್ರೀಮಿಂಗ್, ಅಂದರೆ ಹಾಡು ಕೊಳ್ಳದೆ ಇಂಟರ್ನೆಟ್‌ನಲ್ಲಿ ಕೇಳಿದ್ದೂ, ಸೇರಿತು. ಆಗ 100 ಸ್ಟ್ರೀಮ್ ಎಂದರೆ ಒಂದು ಮಾರಾಟ. ಸ್ಪಾಟಿಫೈಯಲ್ಲಿ ಹಾಡು 30 ಸೆಕೆಂಡ್ ಓಡಿದರೆ ಒಂದು ಸ್ಟ್ರೀಮ್. ಪ್ಲೇಲಿಸ್ಟ್ ಹಾಕಿಟ್ಟು ಬಟ್ಟೆ ಮಡಚುತ್ತಿದ್ದವರೂ ನಿಮ್ಮ ‘ಒಪ್ಪಿದ ಲಕ್ಷಾಂತರ ಜನ’ರಲ್ಲಿ ಇದ್ದಾರೆ. 2017ರ ಮಾರ್ಚ್‌ನಲ್ಲಂತೂ ಎಡ್ ಶೀರನ್ ಅವರ ಒಂದೇ ಆಲ್ಬಮ್ಮಿನ 16 ಹಾಡುಗಳು ಮೊದಲ 20ರೊಳಗೆ ಕೂತಿದ್ದವು. ಅದೇ ವರ್ಷ, ಒಬ್ಬ ಮುಖ್ಯ ಕಲಾವಿದರಿಗೆ ಒಮ್ಮೆಗೆ ಮೂರೇ ಹಾಡು ಎಂದು ಚಾರ್ಟ್‌ನವರೇ ಕಡಿವಾಣ ಹಾಕಬೇಕಾಯಿತು.

ಕೇಟ್ ಬುಷ್ ಅವರ ‘ರನಿಂಗ್ ಅಪ್ ದಟ್ ಹಿಲ್’ 1985ರಲ್ಲಿ ಅಲ್ಲಿ ಮೂರನೇ ಸ್ಥಾನದವರೆಗೆ ಹೋಗಿತ್ತು. 2022ರಲ್ಲಿ ಒಂದು ಟಿವಿ ಸರಣಿಯಲ್ಲಿ ಕೇಳಿಸಿತು, ಮೊದಲ ಸ್ಥಾನಕ್ಕೆ ಬಂತು. ಹಾಡು ಅದೇ, ಧ್ವನಿ ಅದೇ. ನಿಮ್ಮ ಮಾತಿನಂತೆ ನಡೆದರೆ ವಿಮರ್ಶಕ ಸರಣಿ ಬರುವತನಕ ಕಾದು ಸ್ಟಾರ್ ಏರಿಸಬೇಕಿತ್ತು.

ಈಗ ನೀವು ಹಿಡಿದುಕೊಂಡ ಹಾಡಿಗೆ ಬರೋಣ. ಪತ್ರ ಓದಿದ ಮೇಲೆ ನಾನೂ ಹೆಡ್‌ಫೋನ್ ಹಾಕಿ ಕೇಳಿದೆ. ಪೀಠಿಕೆಯೇ ಇಲ್ಲ, ನೇರ ಪಲ್ಲವಿ. ಬಂದವರು 30 ಸೆಕೆಂಡ್ ದಾಟಲಿ ಎಂಬ ಆತುರ ಇರಬಹುದು. ಅದಕ್ಕೆ ನನ್ನ ತಕರಾರಿಲ್ಲ. ನಾಲ್ಕು ಸಾಲಿನ ಚರಣ, ಮತ್ತೆ ಪಲ್ಲವಿ. ಎರಡನೇ ಚರಣ ಎರಡೇ ಸಾಲಿಗೆ ಮುಗಿಯುತ್ತದೆ. ಇನ್ನೇನು ಗಾಯಕಿ ಧ್ವನಿ ಮೇಲೇರಿಸುತ್ತಾರೆ ಎನ್ನುವ ಜಾಗದಲ್ಲಿ ಮೊದಲ ಪಲ್ಲವಿಯನ್ನೇ ತಂದು ಅಂಟಿಸಿ, ಮೇಲೊಂದಿಷ್ಟು ಚಪ್ಪಾಳೆ ಸದ್ದು ಸೇರಿಸಿದ್ದಾರೆ. ಉಸಿರು ತೆಗೆದುಕೊಳ್ಳುವ ಸಣ್ಣ ಶಬ್ದ ಕೂಡ ಎರಡೂ ಕಡೆ ಒಂದೇ! ಬೇಸ್ ಗಿಟಾರ್ ಮಾತ್ರ ಸೊಗಸಾಗಿದೆ. ಆ ಎರಡು ಸ್ಟಾರ್ ಬಹುಪಾಲು ಅದರದ್ದೇ.

ಚಾರ್ಟ್ ಸ್ಥಾನ ಪಕ್ಕದಲ್ಲೇ ಹಾಕುವುದು ಆಗದ ಮಾತು. ಹೊಸ ಹಾಡು ಬರುವುದು ಸಾಮಾನ್ಯವಾಗಿ ಶುಕ್ರವಾರ, ಅದರ ಮೊದಲ ವಾರದ ಲೆಕ್ಕ ಸಿಗುವುದು ಮುಂದಿನ ಶುಕ್ರವಾರ; ಅಷ್ಟರಲ್ಲಿ ನಮ್ಮ ಪುಟ ಅಚ್ಚಿಗೆ ಹೋಗಿರುತ್ತದೆ. ಹಿಂದಿನ ಸಂಚಿಕೆಯ ಹಾಡುಗಳು ಎಲ್ಲಿಗೆ ತಲುಪಿದವು ಎಂಬುದನ್ನು ಅಂಕಣದ ಅಡಿಯಲ್ಲಿ ಕೊಡಬಹುದು, ಕೊಡುತ್ತೇವೆ.

ಒಂದು ಕೋರಿಕೆ. ಆ ಹಾಡು ನಿಮಗೇಕೆ ಹಿಡಿಸಿತು ಎಂಬುದು ಪತ್ರದಲ್ಲಿ ಎಲ್ಲೂ ಇಲ್ಲ. ಬರೆದು ಕಳಿಸಿ, ವಿಮರ್ಶೆ ಬಂದ ಪುಟದಲ್ಲೇ ಹಾಕುತ್ತೇವೆ. ನಂಬರ್ ಒನ್ ಆಯಿತು ಎಂಬ ಕಾರಣ ಮಾತ್ರ ಬೇಡ.