ಹೋಳಿಯಿಂದ ಬಸವ ಜಯಂತಿಯವರೆಗೆ ನಮ್ಮ ಶಾಸಕರ ಕೆಲಸವೇನು, ಅದರ ಸುದ್ದಿ ಎಲ್ಲಿ ಸಿಗುತ್ತದೆ?

ನೌಕರಿಯ ಮೇಲೆ ಮೈಸೂರು ಕಡೆಯಿಂದ ಕಲಬುರಗಿ ಜಿಲ್ಲೆಯ ತಾಲ್ಲೂಕು ಕೇಂದ್ರವೊಂದಕ್ಕೆ ಬಂದಿರುವುದಾಗಿ ಬರೆದಿದ್ದೀರಿ. ಹೋಳಿ ಮುಗಿದಾಗಿನಿಂದ ಇಲ್ಲಿನ ಶಾಸಕರ ಬಗ್ಗೆ ನಿಮ್ಮ ಮೊಬೈಲ್‌ಗೆ ಬರುತ್ತಿರುವುದೆಲ್ಲ ಜಾತ್ರೆ, ಸಾಮೂಹಿಕ ವಿವಾಹ, ಇಫ್ತಾರ್ ಕೂಟ, ಅರವಟ್ಟಿಗೆ ಉದ್ಘಾಟನೆಯ ಫೋಟೊಗಳೇ. ಶಾಸಕರ ಕೆಲಸ ಇದೇ ಏನು, ಬೇರೆ ಕೆಲಸ ನಡೆದಿದ್ದರೆ ಅದರ ಸುದ್ದಿ ಮತದಾರರಿಗೆ ಎಲ್ಲಿ ಸಿಗುತ್ತದೆ ಎಂಬುದು ನಿಮ್ಮ ಪ್ರಶ್ನೆ.

ನಾನು ಇದೇ ಜಿಲ್ಲೆಯ ಒಂದು ಹಳ್ಳಿಯವಳು. ಎರಡು ಅವಧಿಗೆ ಗ್ರಾಮ ಪಂಚಾಯಿತಿ ಸದಸ್ಯೆಯಾಗಿದ್ದೆ. ಆ ಹತ್ತು ಬೇಸಿಗೆಗಳಲ್ಲಿ ಇಬ್ಬರು ಶಾಸಕರನ್ನು ಹತ್ತಿರದಿಂದ ನೋಡಿದ್ದೇನೆ. ಅವರ ಮನೆಯಂಗಳದಲ್ಲಿ ಮನವಿ ಪತ್ರ ಹಿಡಿದು ನಿಂತಿದ್ದೇನೆ, ಸಭೆಗಳಲ್ಲಿ ಎದುರು ಕುಳಿತಿದ್ದೇನೆ. ಅವರ ಹೆಸರು, ಪಕ್ಷ ಇಲ್ಲಿ ಬೇಡ.

ಮೊದಲ ಮಾತು, ಜಾತ್ರೆ ಮದುವೆಗಳನ್ನು ತಳ್ಳಿಹಾಕಬೇಡಿ. ನಮ್ಮ ಭಾಗದಲ್ಲಿ ತೊಗರಿ, ಕಡಲೆ, ಬಿಳಿಜೋಳ ಮನೆ ಸೇರಿದ ಮೇಲೆಯೇ ಜನರಿಗೆ ಕೈಬಿಡುವು. ಹೋಳಿ ಹುಣ್ಣಿಮೆಯ ಬೆನ್ನಿಗೆ ಕಲಬುರಗಿಯಲ್ಲಿ ಶರಣಬಸವೇಶ್ವರರ ರಥೋತ್ಸವ, ಆಮೇಲೆ ಯುಗಾದಿ, ಅಂಬೇಡ್ಕರ್ ಜಯಂತಿ, ಬಸವ ಜಯಂತಿ, ನಡುನಡುವೆ ಒಂದೊಂದು ಹಳ್ಳಿಯ ತೇರು. ತಾಲ್ಲೂಕು ಕಚೇರಿಯ ಮೆಟ್ಟಿಲನ್ನು ಜೀವಮಾನದಲ್ಲಿ ಹತ್ತದ ಮುದುಕಿಗೆ ಶಾಸಕರು ಕೈಗೆ ಸಿಗುವುದು ಇಂಥ ಕಡೆಯೇ.

ಒಂದು ಯುಗಾದಿಯ ದಿನ ನನಗೆ ಚೆನ್ನಾಗಿ ನೆನಪಿದೆ. ನಮ್ಮಲ್ಲಿ ಯುಗಾದಿಯ ಬೇವು ಎಂದರೆ ಕುಡಿಯುವ ಪಾನಕ. ಹೊಸ ಮಣ್ಣಿನ ಗಡಿಗೆಯಲ್ಲಿ ಬೆಲ್ಲ, ಮಾವಿನಕಾಯಿ, ಪುಟಾಣಿ, ಬೇವಿನ ಹೂವು ಹಾಕಿ ಕಲಸುತ್ತೇವೆ. ಶಾಸಕರು ನಮ್ಮ ಓಣಿಯ ಕಟ್ಟೆಯ ಮೇಲೆ ಕುಳಿತು ಲೋಟ ಬಾಯಿಗಿಡುವಷ್ಟರಲ್ಲಿ ಪಕ್ಕದ ಮನೆಯ ಆಯಿ ಬಂದು ಅವರ ಮುಂಗೈ ಹಿಡಿದುಕೊಂಡಳು. "ಅಪ್ಪಾ, ನಮ್ಮ ಓಣಿಗೆ ನೀರು ಬಂದು ಹದಿನಾರು ದಿನವಾಯಿತು" ಎಂದಳು. ಅವರು ಲೋಟ ಕೆಳಗಿಟ್ಟು ಪೂರ್ತಿ ಕೇಳಿಸಿಕೊಂಡರು. "ಅವ್ವಾ, ನೋಡುತ್ತೇನೆ" ಎಂದರು. ಜತೆಗಿದ್ದ ಆಪ್ತ ಸಹಾಯಕ ಜೇಬಿನಲ್ಲಿದ್ದ ಮದುವೆಯ ಆಮಂತ್ರಣ ಪತ್ರಿಕೆಯ ಹಿಂಬದಿಗೆ ನಮ್ಮ ಓಣಿಯ ಹೆಸರು ಬರೆದುಕೊಂಡರು. ಆಯಿಯ ಮುಖದಲ್ಲಿ ಅಂದು ಎಂಥ ನೆಮ್ಮದಿ ಇತ್ತು!

ನೀರು ಮಾತ್ರ ಬರಲಿಲ್ಲ. ಶಾಸಕರ ಮಾತು ಸುಳ್ಳೆಂದು ನಾನು ಹೇಳುತ್ತಿಲ್ಲ. ತಾಲ್ಲೂಕಿನ ಕುಡಿಯುವ ನೀರಿನ ಟಾಸ್ಕ್‌ಫೋರ್ಸ್ ಸಭೆ ಅದಕ್ಕೆ ಎರಡು ವಾರ ಮೊದಲೇ ಮುಗಿದಿತ್ತು. ನಮ್ಮ ಪಂಚಾಯಿತಿಯಿಂದ ಹೋದ ಪಟ್ಟಿಯಲ್ಲಿ ಆ ಓಣಿಯ ಹೆಸರೇ ಇರಲಿಲ್ಲ. ಆ ವಾರ್ಡಿನ ಸದಸ್ಯೆಯಾಗಿದ್ದ ನಾನೇ ಪಟ್ಟಿಯನ್ನು ನೋಡಿರಲಿಲ್ಲ. ಅದು ನನ್ನನ್ನು ಇಂದಿಗೂ ಬಾಧಿಸುತ್ತದೆ. ಇನ್ನೊಂದು ಸಭೆ ನಡೆಯುವವರೆಗೆ ಓಣಿಯ ಹೆಂಗಸರು ಊರಾಚೆಯ ತೋಟದ ಬಾವಿಯಿಂದ ತಳ್ಳುವ ಬಂಡಿಯಲ್ಲಿ ಕೊಡಗಳನ್ನಿಟ್ಟು ನೀರು ತಂದರು. ಅವರಲ್ಲಿ ಎಸ್ಸೆಸ್ಸೆಲ್ಸಿ ಪರೀಕ್ಷೆಗೆ ಕುಳಿತಿದ್ದ ಹುಡುಗಿಯೊಬ್ಬಳೂ ಇದ್ದಳು. ನಸುಕಿನ ನಾಲ್ಕಕ್ಕೆ ಎದ್ದು ನಾಲ್ಕು ಕೊಡ ನೀರು ತಂದಿಟ್ಟು, ಆಮೇಲೆ ಪರೀಕ್ಷೆ ಬರೆಯಲು ಹೋಗುತ್ತಿದ್ದಳು.

ಈ ಟಾಸ್ಕ್‌ಫೋರ್ಸ್ ಏನೆಂದು ಬಿಡಿಸಿ ಹೇಳುತ್ತೇನೆ. ನಿಮ್ಮ ಪ್ರಶ್ನೆಗೆ ಉತ್ತರವಿರುವುದೇ ಇಲ್ಲಿ. ಬೇಸಿಗೆಯ ಕುಡಿಯುವ ನೀರಿಗೆಂದೇ ಪ್ರತಿ ತಾಲ್ಲೂಕಿನಲ್ಲಿ ಶಾಸಕರ ಅಧ್ಯಕ್ಷತೆಯಲ್ಲಿ ಒಂದು ಸಮಿತಿ ಇರುತ್ತದೆ. ತಹಶೀಲ್ದಾರರು, ತಾಲ್ಲೂಕು ಪಂಚಾಯಿತಿಯ ಕಾರ್ಯನಿರ್ವಾಹಕ ಅಧಿಕಾರಿ, ಗ್ರಾಮೀಣ ಕುಡಿಯುವ ನೀರು ಇಲಾಖೆಯ ಎಂಜಿನಿಯರ್ ಬರುತ್ತಾರೆ. ಎಲ್ಲೆಲ್ಲಿ ನೀರಿಗೆ ತೊಂದರೆ ಎಂಬ ಪಟ್ಟಿಯನ್ನು ಪಂಚಾಯಿತಿ ಅಭಿವೃದ್ಧಿ ಅಧಿಕಾರಿಗಳು (ಪಿಡಿಒ) ಕಳಿಸಿರುತ್ತಾರೆ. ಯಾವ ಬೋರ್‌ವೆಲ್ ಫ್ಲಶಿಂಗ್ ಮಾಡಿಸಬೇಕು, ಎಲ್ಲಿ ಮೋಟರ್ ಬದಲಿಸಬೇಕು, ಎಲ್ಲಿ ಪೈಪ್‌ಲೈನ್ ಎಳೆಯಬೇಕು, ಯಾವ ರೈತರ ಬೋರ್‌ವೆಲ್ ಬಾಡಿಗೆಗೆ ಪಡೆಯಬೇಕು, ಇದ್ಯಾವುದೂ ಆಗದಿದ್ದರೆ ಯಾವ ಊರಿಗೆ ಟ್ಯಾಂಕರ್ ಕಳಿಸಬೇಕು ಎಂದು ಅಲ್ಲಿ ತೀರ್ಮಾನವಾಗುತ್ತದೆ. ಜಾತ್ರೆಯಲ್ಲಿ ಕೊಟ್ಟ ಮಾತು ಈ ಪಟ್ಟಿಯಲ್ಲಿ ಒಂದು ಸಾಲಾಗಿ ಕೂತರೆ ನಲ್ಲಿಯಲ್ಲಿ ನೀರು ಬರುತ್ತದೆ. ಕೂರದಿದ್ದರೆ ಅದು ಆಮಂತ್ರಣ ಪತ್ರಿಕೆಯ ಹಿಂಬದಿಯಲ್ಲೇ ಉಳಿಯುತ್ತದೆ.

ಮರುವರ್ಷ ನಾನು ಫೆಬ್ರುವರಿಯಲ್ಲೇ ಪಿಡಿಒ ಅವರ ಪಕ್ಕ ಕುಳಿತು ಪಟ್ಟಿಯನ್ನು ಓಣಿ ಓಣಿಯಾಗಿ ಬರೆಸಿದೆ. ಹಿಂದಿನ ವರ್ಷ ಮಾರ್ಚ್‌ನಲ್ಲಾದ ಸಭೆ ಈ ಸಲ ಏಪ್ರಿಲ್‌ನಲ್ಲಿತ್ತು. ಏಪ್ರಿಲ್, ಮೇ ತಿಂಗಳಲ್ಲಿ ನಮ್ಮ ಕಡೆ ಬಿಸಿಲಿನ ಕಾರಣಕ್ಕೆ ಸರ್ಕಾರಿ ಕಚೇರಿಗಳು ಬೆಳಿಗ್ಗೆ 8ರಿಂದ ಮಧ್ಯಾಹ್ನ 1.30ರವರೆಗೆ ನಡೆಯುತ್ತವೆ (ನೀವು ಹೊಸಬರು, ಇದನ್ನು ನೆನಪಿಟ್ಟುಕೊಳ್ಳಿ, ಊಟ ಮುಗಿಸಿ ಹೋದರೆ ಬಾಗಿಲು ಹಾಕಿರುತ್ತದೆ). ಸಭೆಯಲ್ಲಿ ನಮ್ಮ ಊರಿನ ಸರದಿ ಬಂದಾಗ ಎಂಜಿನಿಯರ್ ಕಡತ ನೋಡಿ "ಕಾಮಗಾರಿ ಪ್ರಗತಿಯಲ್ಲಿದೆ ಸರ್" ಎಂದರು. ಶಾಸಕರು ಮಾತಾಡಲಿಲ್ಲ. ನಮ್ಮ ಪಿಡಿಒ ಅವರ ಮೊಬೈಲ್ ಇಸಿದುಕೊಂಡು ನಮ್ಮೂರಿನ ನೀರಗಂಟಿಗೆ ಕರೆ ಮಾಡಿ, ಸ್ಪೀಕರ್ ಹಾಕಿ ಮೇಜಿನ ಮೇಲಿಟ್ಟರು. "ಮೋಟರ್ ಇಳಿಸಿದ್ದೀರಾ?" ಎಂದು ಕೇಳಿದರು. ಯಾರ ಜತೆ ಮಾತಾಡುತ್ತಿದ್ದೇನೆಂದು ತಿಳಿಯದ ನೀರಗಂಟಿ, "ಎಲ್ಲಿಯ ಮೋಟರ್ ಸಾಹೇಬರೇ, ಪೈಪ್ ಕೂಡ ಇನ್ನೂ ಬಂದಿಲ್ಲ" ಎಂದರು. ಸಭಾಂಗಣದಲ್ಲಿ ಫ್ಯಾನಿನ ಸದ್ದು ಬಿಟ್ಟರೆ ಬೇರೆ ಸದ್ದಿರಲಿಲ್ಲ. "ಎಷ್ಟನೇ ತಾರೀಕು?" ಎಂದು ಶಾಸಕರು ಎಂಜಿನಿಯರ್ ಅವರನ್ನು ಕೇಳಿದರು. ತಾರೀಕು ನಡಾವಳಿಯಲ್ಲಿ ದಾಖಲಾಯಿತು. ಆ ತಾರೀಕಿಗೆ ಒಂದು ದಿನ ಮೊದಲೇ ಮೋಟರ್ ಬಂತು. ಆ ಇಡೀ ಬೇಸಿಗೆಯಲ್ಲಿ ಆ ಶಾಸಕರು ಮಾಡಿದ ಅತ್ಯುತ್ತಮ ಕೆಲಸ ಅದು ಎಂದು ನಾನು ನಂಬುತ್ತೇನೆ. ಅದರದ್ದು ಒಂದೇ ಒಂದು ಫೋಟೊ ಇಲ್ಲ.

ಹೊಳೆದಂಡೆಯ ಊರುಗಳ ಕಷ್ಟ ಬೇರೆ. ಅಫಜಲಪುರ, ಜೇವರ್ಗಿ ಕಡೆ ಭೀಮಾ ಬತ್ತಿದರೆ ಮಹಾರಾಷ್ಟ್ರದ ಉಜನಿ ಜಲಾಶಯದಿಂದ ನೀರು ಬಿಡಿಸಬೇಕಾಗುತ್ತದೆ. ಅದು ಎರಡು ರಾಜ್ಯಗಳ ಸರ್ಕಾರಗಳ ನಡುವಿನ ಮಾತು. ಶಾಸಕರು ಬೆಂಗಳೂರಿನಲ್ಲಿ ಬೆನ್ನು ಹತ್ತಬೇಕು.

ಬೆಂಗಳೂರು ಎಂದಾಗ ಇನ್ನೊಂದು ಮಾತು. ಮಾರ್ಚ್‌ನಲ್ಲಿ ಶಾಸಕರು ಊರಲ್ಲಿ ಕಾಣುವುದಿಲ್ಲ ಎಂದು ಜನ ಬೇಸರಪಡುತ್ತಾರೆ. ಸಾಮಾನ್ಯವಾಗಿ ಬಜೆಟ್ ಅಧಿವೇಶನ ನಡೆಯುವುದು ಆಗಲೇ, ಅವರು ಅಲ್ಲಿಯೇ ಇರಬೇಕು. ಅಲ್ಲಿ ಏನು ಕೇಳಿದರು ಎಂಬುದನ್ನು ನಾವು ನೋಡಬೇಕು. ಚುಕ್ಕೆ ಗುರುತಿನ ಪ್ರಶ್ನೆಗೆ ಸಚಿವರು ಸದನದಲ್ಲಿ ಬಾಯಿಮಾತಿನ ಉತ್ತರ ಕೊಡುತ್ತಾರೆ, ಚುಕ್ಕೆ ಗುರುತಿಲ್ಲದ ಪ್ರಶ್ನೆಗೆ ಲಿಖಿತ ಉತ್ತರ ಬರುತ್ತದೆ. ವಿಧಾನಸಭೆಯ ಜಾಲತಾಣದಲ್ಲಿ ಈ ಪ್ರಶ್ನೋತ್ತರಗಳು ಸಿಗುತ್ತವೆ, ಅದೂ ಕನ್ನಡದಲ್ಲಿ. ನಮ್ಮ ಶಾಸಕರೊಬ್ಬರು ಒಮ್ಮೆ ತಾಲ್ಲೂಕಿನ ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ಎಷ್ಟು ಹುದ್ದೆ ಖಾಲಿ ಇವೆ ಎಂದು ಕೇಳಿದ್ದರು. ಆ ಉತ್ತರದ ಪ್ರತಿಯನ್ನು ನನ್ನ ಮಗಳು ಮುದ್ರಿಸಿಕೊಟ್ಟಳು. ಅದನ್ನು ಚೀಲದಲ್ಲಿಟ್ಟುಕೊಂಡು ಎಷ್ಟು ಕಚೇರಿ ಸುತ್ತಿದ್ದೇನೋ ಲೆಕ್ಕವಿಲ್ಲ. "ಖಾಲಿ ಇಲ್ಲ" ಎಂದು ಯಾವ ಅಧಿಕಾರಿಯೂ ಹೇಳುವಂತಿರಲಿಲ್ಲ.

ಶಾಲೆಯ ವಿಷಯಕ್ಕೂ ಇದೇ ಮಾತು. 2025ರ ಎಸ್ಸೆಸ್ಸೆಲ್ಸಿ ಪರೀಕ್ಷೆ-1ರಲ್ಲಿ ನಮ್ಮ ಜಿಲ್ಲೆಯ ಫಲಿತಾಂಶ ಶೇ 42.43, ರಾಜ್ಯಕ್ಕೇ ಕೊನೆಯ ಸ್ಥಾನ. ಅದರ ಹಿಂದಿನ ವರ್ಷ ಆ ಸ್ಥಾನದಲ್ಲಿ ಪಕ್ಕದ ಯಾದಗಿರಿ ಇತ್ತು. ಸುದ್ದಿ ಓದಿದ ದಿನ ನನಗೆ ನೆನಪಾದದ್ದು ಆ ಕೊಡದ ಹುಡುಗಿ. ನೀರೊಂದೇ ಕಾರಣವೆಂದು ನಾನು ಹೇಳುವುದಿಲ್ಲ. ಆದರೆ ಪರೀಕ್ಷೆಯ ಮುಂಚೆ ಶಾಸಕರು ಶಾಲೆಗೆ ಬಂದು ಮಕ್ಕಳಿಗೆ ಪ್ಯಾಡ್, ಪೆನ್ನು ಕೊಟ್ಟಾಗ, ಗಣಿತಕ್ಕೆ ಶಿಕ್ಷಕರಿದ್ದಾರೆಯೇ ಎಂದು ಅಲ್ಲೇ ಮುಖ್ಯ ಶಿಕ್ಷಕರನ್ನು ಕೇಳಬೇಕು ಎಂದು ನನ್ನ ಆಸೆ. ಕೇಳಿದವರನ್ನೂ ನೋಡಿದ್ದೇನೆ, ಫೋಟೊ ಆದ ತಕ್ಷಣ ಕಾರು ಹತ್ತಿದವರನ್ನೂ ನೋಡಿದ್ದೇನೆ.

ಹಣದ ಮಾತು ಚಿಕ್ಕದಾಗಿ ಹೇಳುತ್ತೇನೆ. ಶಾಸಕರ ಪ್ರದೇಶಾಭಿವೃದ್ಧಿ ನಿಧಿ ವರ್ಷಕ್ಕೆ 2 ಕೋಟಿ ರೂಪಾಯಿ. ಯಾವ ಕಾಮಗಾರಿ ಎಂದು ಶಾಸಕರು ಶಿಫಾರಸು ಮಾಡುತ್ತಾರೆ, ಮಂಜೂರಾತಿ ಜಿಲ್ಲಾಧಿಕಾರಿ ಕಡೆಯಿಂದ. ನಮ್ಮ ಭಾಗಕ್ಕೆ ಇದರ ಹೊರತಾಗಿ ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಯ ಅನುದಾನವಿದೆ. ಅದರ ಕಚೇರಿ ಕಲಬುರಗಿಯಲ್ಲೇ ಇದೆ. ನಮ್ಮ ಭಾಗಕ್ಕೆ ವಿಶೇಷ ಸ್ಥಾನಮಾನ ಕೊಡುವ ಸಂವಿಧಾನದ 371 (ಜೆ) ವಿಧಿಗಾಗಿ ಈ ನೆಲದ ಜನ ವರ್ಷಗಟ್ಟಲೆ ಹೋರಾಡಿದ ಮೇಲೆ ದಕ್ಕಿದ ಹಣ ಅದು. ಪ್ರಾದೇಶಿಕ ಅಸಮತೋಲನದ ಅಧ್ಯಯನ ಮಾಡಿದ ಡಾ. ಡಿ.ಎಂ. ನಂಜುಂಡಪ್ಪ ಸಮಿತಿ 2002ರಲ್ಲಿ ಕೊಟ್ಟ ವರದಿಯಲ್ಲಿ ಹಿಂದುಳಿದವು ಎಂದು ಗುರುತಿಸಿದ ತಾಲ್ಲೂಕುಗಳ ಲೆಕ್ಕ ಇಂದಿಗೂ ಹಂಚಿಕೆಯಲ್ಲಿ ಬರುತ್ತದೆ. ಆದ್ದರಿಂದ ಗುದ್ದಲಿ ಪೂಜೆಯ ಸುದ್ದಿ ಬಂದಾಗ ಹಣ ಯಾವುದು, ಎಷ್ಟು, ಕೆಲಸ ಮುಗಿಯುವುದು ಯಾವಾಗ, ಈ ಮೂರನ್ನೂ ಕೇಳಿ. ಆರ್ಥಿಕ ವರ್ಷ ಮುಗಿಯುವ ಮಾರ್ಚ್ 31ರ ಹಿಂದುಮುಂದಿನ ದಿನಗಳಲ್ಲಿ ಹಾಕಿದ ಸಿ.ಸಿ. ರಸ್ತೆಯನ್ನಂತೂ ಕಾಲಲ್ಲಿ ಒದ್ದು ನೋಡಿ.

ಇನ್ನು ಸುದ್ದಿ. ಯಾರು ಬಂದರು, ಯಾರಿಗೆ ಹಾರ ಹಾಕಿದರು ಎಂಬುದನ್ನು ಬೆಂಬಲಿಗರು ಹೇಗೂ ಕಳಿಸುತ್ತಾರೆ. ನಾನು ಪ್ರತಿ ಶಾಸಕರಲ್ಲೂ ಕೈಮುಗಿದು ಕೇಳಿದ್ದು ಬೇರೆ: ಮೇ ಕೊನೆಗೆ ಒಂದು ಹಾಳೆ ಅಚ್ಚು ಹಾಕಿಸಿ ಪ್ರತಿ ಪಂಚಾಯಿತಿಯ ಗೋಡೆಗೆ ಅಂಟಿಸಿ. ಟಾಸ್ಕ್‌ಫೋರ್ಸ್ ಎಷ್ಟು ಸಲ ಸೇರಿತು, ಯಾವ ಊರಿಗೆ ಏನು ಮಂಜೂರಾಯಿತು, ಯಾವುದು ಮುಗಿಯಿತು, ಯಾವುದು ಉಳಿಯಿತು, ಉಳಿದದ್ದು ಯಾಕೆ. ಒಬ್ಬರು ಒಂದು ವರ್ಷ ಮಾಡಿದರು. ನಮ್ಮ ಪಂಚಾಯಿತಿ ಗೋಡೆಯ ಮುಂದೆ ಜನ ಗುಂಪಾಗಿ ನಿಂತು ಓದಿದರು. ಓದಲು ಬಾರದವರಿಗೆ ಹೈಸ್ಕೂಲಿನ ಹುಡುಗರು ಜೋರಾಗಿ ಓದಿ ಹೇಳಿದರು. ಉಳಿದ ಕೆಲಸಗಳ ಸಾಲಿನಲ್ಲಿ ತಮ್ಮ ಊರಿನ ಹೆಸರು ಕಂಡು ಯಾರೂ ಶಾಸಕರನ್ನು ಬೈಯಲಿಲ್ಲ. ಮರೆತಿಲ್ಲವಲ್ಲ ಎಂದರು. ಮರುವರ್ಷ ಆ ಹಾಳೆ ಬರಲಿಲ್ಲ. ಈಗಲೂ ಕೇಳುತ್ತಲೇ ಇದ್ದೇನೆ.

ಹಾಳೆ ಬರುವವರೆಗೆ ನೀವೇ ತರಿಸಿಕೊಳ್ಳಬಹುದು. ಶಾಸಕರನ್ನು ಕಾಣುವುದಾದರೆ ಬೆಳಿಗ್ಗೆ ಏಳಕ್ಕೇ ಮನೆಗೆ ಹೋಗಿ, ಎಂಟರ ಮೇಲೆ ಅವರು ಹೊರಟುಬಿಡುತ್ತಾರೆ. ಮನವಿ ಪತ್ರ ಎರಡು ಪ್ರತಿ ಇರಲಿ, ಒಂದರ ಮೇಲೆ ದಿನಾಂಕದೊಡನೆ ಸ್ವೀಕೃತಿ ಬರೆಸಿಕೊಳ್ಳಿ. ಒಂದು ಹಾಳೆಯಲ್ಲಿ ಒಂದೇ ವಿಷಯ ಬರೆಯಿರಿ. ಅಲ್ಲಿ ಕೆಲಸವಾಗದಿದ್ದರೆ ತಾಲ್ಲೂಕು ಪಂಚಾಯಿತಿಯ ಸಾರ್ವಜನಿಕ ಮಾಹಿತಿ ಅಧಿಕಾರಿಗೆ ಮಾಹಿತಿ ಹಕ್ಕಿನ ಅರ್ಜಿ ಕೊಡಿ. ಕರ್ನಾಟಕದಲ್ಲಿ ಅರ್ಜಿ 150 ಪದಗಳ ಒಳಗಿರಬೇಕು. ಅಷ್ಟೇನೂ ಬೇಕಾಗುವುದಿಲ್ಲ. ನಾನು ಬರೆಯುವುದು ಇಷ್ಟು: "ಈ ವರ್ಷದ ಜನವರಿಯಿಂದ ಇಂದಿನವರೆಗೆ ನಡೆದ ತಾಲ್ಲೂಕು ಮಟ್ಟದ ಕುಡಿಯುವ ನೀರಿನ ಟಾಸ್ಕ್‌ಫೋರ್ಸ್ ಸಭೆಗಳ ನಡಾವಳಿ ಹಾಗೂ ಮಂಜೂರಾದ ಕಾಮಗಾರಿಗಳ ಪಟ್ಟಿಯ ಪ್ರತಿ ಕೊಡಿ." ಶುಲ್ಕ ಹತ್ತು ರೂಪಾಯಿ, ಬಿಪಿಎಲ್ ಕುಟುಂಬದವರಿಗೆ ಅದೂ ಇಲ್ಲ. 30 ದಿನಗಳೊಳಗೆ ಉತ್ತರ ಬರಬೇಕು. ಬಂದ ಕೂಡಲೇ ನಿಮ್ಮ ಓಣಿಯ ಹೆಸರನ್ನು ಮೊದಲು ಹುಡುಕಿ.