ಓದುಗರ ಪ್ರಶ್ನೆ: ಸಸಿ ನೆಟ್ಟು ಫೋಟೊ ತೆಗೆಸಿಕೊಂಡರೆ ಸಾಕೇ?

ಪ್ರಶ್ನೆ: ಉತ್ತರ ಧ್ರುವದ ಸುತ್ತಲಿನ ನಾಡುಗಳಲ್ಲಿ ಹವಾಮಾನ ಬದಲಾವಣೆಯನ್ನು ಎದುರಿಸಲು ಊರಿನ ಹುಡುಗ ಹುಡುಗಿಯರನ್ನೇ ತೊಡಗಿಸಿಕೊಳ್ಳುತ್ತಾರೆ ಎಂದು ನಮ್ಮ ಮೇಷ್ಟ್ರು ಹೇಳಿದರು. ನಮ್ಮ ಎನ್‌ಎಸ್‌ಎಸ್ ಶಿಬಿರದಲ್ಲೂ ಜಾಥಾ ಮಾಡುತ್ತೇವೆ, ಸಸಿ ನೆಡುತ್ತೇವೆ. ಅವರು ಬೇರೆ ಏನು ಮಾಡುತ್ತಾರೆ?
– ಬಿ.ಎಸ್ಸಿ. ವಿದ್ಯಾರ್ಥಿನಿ, ಮದ್ದೂರು

ಉತ್ತರ: ಅಳತೆ ಮಾಡುತ್ತಾರಮ್ಮ.

ಕೆನಡಾದ ಲ್ಯಾಬ್ರಡಾರ್ ಕರಾವಳಿಯಲ್ಲಿ ನೈನ್ ಎಂಬ, ಇನುಯಿಟ್ ಮೂಲನಿವಾಸಿಗಳ ಊರಿದೆ. ಚಳಿಗಾಲದಲ್ಲಿ ಹೆಪ್ಪುಗಟ್ಟಿದ ಸಮುದ್ರವೇ ಅಲ್ಲಿಯವರಿಗೆ ರಸ್ತೆ. ಬೇಟೆಗೆ, ಸೌದೆಗೆ, ನೆಂಟರ ಮನೆಗೆ ಅದರ ಮೇಲೇ ಹೋಗಬೇಕು. 2009-10ರ ಚಳಿಗಾಲದಲ್ಲಿ ಮಂಜು ಸರಿಯಾಗಿ ಗಟ್ಟಿಯಾಗಲಿಲ್ಲ. ತಲೆಮಾರುಗಳಿಂದ ನಂಬಿದ ದಾರಿಯಲ್ಲೇ ಜನ ನೀರಿಗೆ ಬಿದ್ದರು. 1979ರಿಂದ ಈಚೆಗೆ ಉತ್ತರ ಧ್ರುವ ಪ್ರದೇಶ ಜಗತ್ತಿನ ಸರಾಸರಿಗಿಂತ ಸುಮಾರು ನಾಲ್ಕು ಪಟ್ಟು ವೇಗವಾಗಿ ಬಿಸಿಯಾಗಿದೆ ಎಂದು ವಿಜ್ಞಾನಿಗಳು ಹೇಳುವುದು ಆ ಊರಿನವರಿಗೆ ಅರ್ಥವಾಗುವುದು ಹೀಗೆ.

ಅದರ ನಂತರ ಹುಟ್ಟಿದ್ದು 'ಸ್ಮಾರ್ಟ್‌ಐಸ್' ಎಂಬ, ಮಂಜಿನ ದಪ್ಪ ಅಳೆಯುವ ಯೋಜನೆ. ಎತ್ತಿನ ಹಿಂದೆ ಕುಂಟೆ ಬರುವಂತೆ ಹಿಮವಾಹನದ ಹಿಂದೆ ಒಂದು ಜಾರುಬಂಡಿ ಬರುತ್ತದೆ. ಅದರಲ್ಲಿರುವ ಸಂವೇದಕ ಅಡಿಯ ಮಂಜು ಎಷ್ಟು ದಪ್ಪವಿದೆ ಎಂದು ಸಾಗುತ್ತಲೇ ದಾಖಲಿಸುತ್ತದೆ. ಆದರೆ ನನಗೆ ಯಂತ್ರಕ್ಕಿಂತ ಅದರ ಸುತ್ತಲಿನ ಏರ್ಪಾಡು ಮುಖ್ಯ. ಯಾವ ದಾರಿಯನ್ನು ಅಳೆಯಬೇಕು ಎಂದು ಹೇಳುವವರು ಮಂಜಿನ ಮೇಲೆ ಓಡಾಡಿ ಪಳಗಿದ ಬೇಟೆಗಾರರು, ಹಿರಿಯರು. ತರಬೇತಿ ಪಡೆದು ಅಳೆಯುವವರು ಸ್ಥಳೀಯರೇ. ಉಪಕರಣಗಳನ್ನು ಜೋಡಿಸುವ ಕೆಲಸವನ್ನೂ ನೈನ್‌ನ ಯುವಜನರು ಕಲಿತಿದ್ದಾರೆ, ಅದೂ ಸಂಬಳಕ್ಕೆ. ಪ್ರಮಾಣಪತ್ರ ಮತ್ತು ಒಂದು ಪೊಟ್ಟಣ ಚಿತ್ರಾನ್ನಕ್ಕಲ್ಲ!

ಫಿನ್ಲೆಂಡಿನ ನೆಟಮೊ ನದಿಯಲ್ಲಿ ಸ್ಕೋಲ್ಟ್ ಸಾಮಿ ಎಂಬ ಮೂಲನಿವಾಸಿ ಜನರೂ ಹೀಗೆಯೇ ಸಾಲ್ಮನ್ ಮೀನಿನ ಲೆಕ್ಕ, ನೀರಿನ ಸ್ಥಿತಿ ಎಲ್ಲವನ್ನೂ ಬರೆದಿಡುತ್ತಾರೆ. ಹಿಂದೆ ಯಂತ್ರ ಹಾಕಿ ಕೆಡಿಸಿದ್ದ ಒಂದು ಉಪನದಿಯಲ್ಲಿ ಮೀನು ಮೊಟ್ಟೆಯಿಡುವ ಕಲ್ಲುಹಾಸನ್ನು ಮತ್ತೆ ಕೂಡಿಸಿದ್ದಾರೆ. ಬರೆದಿಟ್ಟದ್ದು ಕೆಲಸಕ್ಕೆ ಬಂದಿತು ಎಂಬುದನ್ನು ಗಮನಿಸಿ.

ಈಗ ನಿಮ್ಮ ತಾಲ್ಲೂಕಿಗೆ ಬರೋಣ. ಶಿಂಷಾ ದಡದ ಕೊಕ್ಕರೆ ಬೆಳ್ಳೂರು ನಿಮ್ಮಿಂದ ಎಷ್ಟು ದೂರ? ಹುಣಸೆ ಮರದ ಗೂಡಿನಿಂದ ಬಿದ್ದ ಹೆಜ್ಜಾರ್ಲೆ (ಪೆಲಿಕನ್) ಮರಿಗಳನ್ನು ಎತ್ತಿ ತಂದು, ಆವರಣದೊಳಗೆ ಇಟ್ಟು, ಮೀನು ತಿನ್ನಿಸಿ ಸಾಕಿ ಹಾರಿಬಿಟ್ಟವರು 'ಹೆಜ್ಜಾರ್ಲೆ ಬಳಗ'ದ ಊರ ಹುಡುಗರು. ಹೊಟ್ಟೆಬಾಕ ಮರಿಗಳು, ಮೀನು ಒದಗಿಸುವುದೇ ದೊಡ್ಡ ತಲೆನೋವು. 2007ರಲ್ಲಿ ಕೊಕ್ಕರೆ ಬೆಳ್ಳೂರು ಸಮುದಾಯ ಮೀಸಲು ಪ್ರದೇಶವಾಯಿತು. ಸರ್ಕಾರ ಬರುವುದಕ್ಕೆ ಎಷ್ಟೋ ಮೊದಲೇ ಜನ ಹಕ್ಕಿಗಳನ್ನು ಹೆರಿಗೆಗೆ ಬಂದ ಮಗಳೆಂದು ಕಂಡಿದ್ದರು.

ಮುಂದಿನ ಶಿಬಿರವನ್ನು ಅಲ್ಲೇ ಮಾಡಿ. ಯಾವ ಮರದಲ್ಲಿ ಗೂಡು ಯಾವ ದಿನ ಶುರುವಾಯಿತು, ಎಷ್ಟು ಮರಿ ಬಿದ್ದವು, ಶಿಂಷೆಯಲ್ಲಿ ನೀರೆಷ್ಟು, ಮೀನು ಸತ್ತು ತೇಲಿತೇ? ಒಂದು ಹಾಳೆಯಲ್ಲಿ ವಾರಕ್ಕೊಮ್ಮೆ ಬರೆಯಿರಿ. ಶಿಬಿರ ಮುಗಿದ ಮೇಲೂ ಬರೆಯಲು ಊರಿನ ಇಬ್ಬರನ್ನು ಒಪ್ಪಿಸಿ. ಏನನ್ನು ಗಮನಿಸಬೇಕು ಎಂದು ಮೊದಲು ಮರದ ಒಡೆಯರನ್ನೂ ಮೀನು ಹಿಡಿಯುವವರನ್ನೂ ಕೇಳಿ, ನಿಮ್ಮ ಮೇಷ್ಟ್ರನ್ನು ಆಮೇಲೆ. 2002ರ ಜೀವವೈವಿಧ್ಯ ಕಾಯ್ದೆಯ ಪ್ರಕಾರ ಪಂಚಾಯಿತಿಯಲ್ಲಿ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು, ಜನತಾ ಜೀವವೈವಿಧ್ಯ ದಾಖಲಾತಿಯೂ ಇರಬೇಕು. ಪಿಡಿಒ ಅವರ ಬಳಿ ಹೋಗಿ ಅದನ್ನು ತೋರಿಸಿ ಎನ್ನಿ. ಬೀರುವಿನ ಕೀಲಿ ಹುಡುಕಲು ಸ್ವಲ್ಪ ಹೊತ್ತು ಹಿಡಿದೀತು, ಕಾಯಿರಿ.

ಪ್ರಶ್ನೆ: ನಂಜನಗೂಡಿನ ಹದಿನಾರು ಗ್ರಾಮದ ಕೆರೆಗೆ ಬರುವ ಪಟ್ಟೆತಲೆ ಹೆಬ್ಬಾತುಗಳು ಉತ್ತರ ಧ್ರುವದವೇ?
– ನಿವೃತ್ತ ಬ್ಯಾಂಕ್ ಉದ್ಯೋಗಿ, ಕುವೆಂಪುನಗರ, ಮೈಸೂರು

ಉತ್ತರ: ಅಲ್ಲ ಸ್ವಾಮಿ. ಅವು ಮಂಗೋಲಿಯಾ, ಟಿಬೆಟ್ ಕಡೆಯವು. ಹಿಮಾಲಯ ದಾಟಿ ಬರುತ್ತವೆ. ನಮ್ಮ ಕೆರೆಗಳಿಗೆ ಧ್ರುವದ ಕಡೆಯ ಟಂಡ್ರಾದಿಂದ ಬರುವ ಅತಿಥಿ ಬೇಕಿದ್ದರೆ 'ಲಿಟಲ್ ಸ್ಟಿಂಟ್' ನೋಡಿ. ಗುಬ್ಬಚ್ಚಿಯಷ್ಟೇ ತೂಗುವ ಹಕ್ಕಿ, ಅಂಚಿನ ಕೆಸರನ್ನು ಕುಕ್ಕುತ್ತಾ ಓಡಾಡುತ್ತಿರುತ್ತದೆ. ಕ್ಯಾಮೆರಾದವರು ಹೆಬ್ಬಾತಿನ ಹಿಂದೆ ಬಿದ್ದು ಇದನ್ನು ನೋಡುವುದೇ ಇಲ್ಲ. ಡಿಸೆಂಬರ್, ಜನವರಿಯಲ್ಲಿ ಬೆಳಗ್ಗೆ ಹೋಗಿ, ದುರ್ಬೀನು ಮರೆಯಬೇಡಿ.