ಓದುಗರ ಪ್ರಶ್ನೆ: ರೀಬೇಸ್‌ನಲ್ಲಿ ಅದೇ ಕಾನ್‌ಫ್ಲಿಕ್ಟ್ ಮತ್ತೆ ಮತ್ತೆ

ಪ್ರಶ್ನೆ: ಕೋಡಿನ ಬದಲಾವಣೆಗಳ ದಾಖಲೆ ಇಡುವ ಗಿಟ್ ಬಳಸುತ್ತೇನೆ. ನನ್ನ ಬ್ರಾಂಚಿನಲ್ಲಿ (ಮುಖ್ಯ ಕೋಡಿನಿಂದ ಒಡೆದ ಕವಲಿನಲ್ಲಿ) ಏಳು ಕಮಿಟ್‌ಗಳಿವೆ, ಅಂದರೆ ದಾಖಲಾದ ಬದಲಾವಣೆಗಳು. ಮುಖ್ಯ ಬ್ರಾಂಚಾದ ಮೇನ್ ಮೇಲೆ ರೀಬೇಸ್ ಮಾಡಿದರೆ ಒಂದೇ ಫೈಲಿನ ಅದೇ ಸಾಲುಗಳಲ್ಲಿ ನಾಲ್ಕು ಸಲ ಕಾನ್‌ಫ್ಲಿಕ್ಟ್ (ಎರಡು ಕಡೆಯ ಬದಲಾವಣೆಗಳ ಘರ್ಷಣೆ). ಬೇಸತ್ತು ‘ಅವರ್ಸ್’ (ನಮ್ಮದು) ಆರಿಸಿದರೆ ನಾನು ಬರೆದದ್ದೇ ಮಾಯ. ಏಕೆ?

ಉತ್ತರ: ರೀಬೇಸ್ ಶುರುವಾದೊಡನೆ ಗಿಟ್ ಮೇನ್‌ನ ತುದಿಗೆ ಹೋಗಿ ನಿಂತು, ನಿಮ್ಮ ಕಮಿಟ್‌ಗಳನ್ನು ಒಂದೊಂದಾಗಿ ಅದರ ಮೇಲೆ ಹಚ್ಚುತ್ತಾ ಬರುತ್ತದೆ. ಹಾಗಾಗಿ ಅಲ್ಲಿ ‘ಅವರ್ಸ್’ ಎಂದರೆ ಮೇನ್ ಮತ್ತು ಆಗಲೇ ಹಚ್ಚಿ ಮುಗಿದ ಕಮಿಟ್‌ಗಳು. ನೀವು ಬರೆದದ್ದು ‘ದೇರ್ಸ್’ (ಅವರದು). ಮೇನ್ ಅನ್ನು ನಿಮ್ಮ ಬ್ರಾಂಚಿಗೆ ಬೆರೆಸುವ ಮರ್ಜ್‌ನಲ್ಲಿ ಇದು ತಿರುಗಾಮುರುಗ. ಹೆಸರು ನಂಬದೆ ಫೈಲಿನಲ್ಲಿ ಗಿಟ್ ಹಾಕಿದ ಗುರುತುಗಳನ್ನೇ ನೋಡಿ: ಮೇಲಿನ ‘ಹೆಡ್’ ಭಾಗ ಮೇನ್ ಕಡೆಯದು, ಕೆಳಗಿನ ಭಾಗದ ಕೊನೆಯಲ್ಲಿ ನಿಮ್ಮ ಕಮಿಟ್‌ನ ಸಂದೇಶ ಇರುತ್ತದೆ.

ಎರಡರಲ್ಲಿ ಒಂದನ್ನು ಆರಿಸುವ ಅಭ್ಯಾಸವೇ ಅಪಾಯ. ‘ಮರ್ಜ್.ಕಾನ್‌ಫ್ಲಿಕ್ಟ್‌ಸ್ಟೈಲ್’ ಸೆಟ್ಟಿಂಗನ್ನು ‘ಝಡ್‌ಡಿಫ್3’ ಎಂದು ಇಡಿ (ಗಿಟ್ 2.35ರಿಂದ ಲಭ್ಯ). ಆಗ ನಡುವೆ ಮೂಲ ಸಾಲೂ ಕಾಣುತ್ತದೆ. ಮೂಲದಲ್ಲಿ ‘ಟೈಮ್‌ಔಟ್ = 30’, ಮೇನ್‌ನಲ್ಲಿ ‘60’, ನಿಮ್ಮಲ್ಲಿ ‘30 * ರಿಟ್ರೈ’ ಇದೆ ಎನ್ನಿ. ಅವರು ಅಂಕಿ ಬದಲಿಸಿದ್ದಾರೆ, ನೀವು ಗುಣಾಕಾರ ಸೇರಿಸಿದ್ದೀರಿ. ಸರಿಯಾದ ಸಾಲು ‘60 * ರಿಟ್ರೈ’ ಆಗಬಹುದು, ಅದು ಎರಡೂ ಕಡೆ ಇಲ್ಲ! ಒಟ್ಟು ಕಾಯುವ ಸಮಯ ದುಪ್ಪಟ್ಟಾಗುವುದು ಸರಿಯೇ ಎಂದು ಮೇನ್ ಬದಲಿಸಿದವರನ್ನು ಕೇಳಿ.

ಇನ್ನು ನಾಲ್ಕು ಸಲ ಏಕೆ? ಆ ಸಾಲುಗಳನ್ನು ನಾಲ್ಕು ಕಮಿಟ್‌ಗಳಲ್ಲಿ ಮುಟ್ಟಿರುತ್ತೀರಿ. ಮೊದಲನೆಯದನ್ನು ಬಿಡಿಸಿದಾಗ ಎರಡನೆಯದು ನಿರೀಕ್ಷಿಸುವ ಸಾಲು ಅಲ್ಲಿರುವುದಿಲ್ಲ. ‘ಗಿಟ್ ರೀಬೇಸ್ --ಅಬಾರ್ಟ್’ ಕೊಟ್ಟು ಹಿಂದಕ್ಕೆ ಬನ್ನಿ. ‘ಗಿಟ್ ಮರ್ಜ್-ಬೇಸ್ ಮೇನ್ ಹೆಡ್’ ತೋರಿಸುವ ಕಮಿಟ್ (ನಿಮ್ಮ ಬ್ರಾಂಚು ಮೇನ್‌ನಿಂದ ಕವಲೊಡೆದ ಜಾಗ) ಮೇಲೆಯೇ ‘ಗಿಟ್ ರೀಬೇಸ್ -ಐ’ ಓಡಿಸಿ, ಆ ನಾಲ್ಕನ್ನು ಅಕ್ಕಪಕ್ಕ ತಂದು ‘ಸ್ಕ್ವಾಶ್’ ಮಾಡಿ (ಒಂದೇ ಕಮಿಟ್ ಆಗಿಸಿ). ಬುಡ ಬದಲಾಗದ ಕಾರಣ ಮೇನ್ ಜೊತೆ ಜಗಳವೇ ಬರದು. ಆಮೇಲೆ ಮೇನ್ ಮೇಲೆ ರೀಬೇಸ್ ಮಾಡಿದರೆ ಆ ಸಾಲುಗಳನ್ನು ಒಂದೇ ಸಲ ಬಿಡಿಸಿದರಾಯಿತು: ಫೈಲು ಸರಿಪಡಿಸಿ, ‘ಗಿಟ್ ಆಡ್’, ನಂತರ ‘ಗಿಟ್ ರೀಬೇಸ್ --ಕಂಟಿನ್ಯೂ’. ‘--ಸ್ಕಿಪ್’ ಒತ್ತಬೇಡಿ, ಅದು ಇಡೀ ಕಮಿಟ್ಟನ್ನೇ ಬಿಟ್ಟುಬಿಡುತ್ತದೆ.

ದೀರ್ಘಕಾಲ ಬಾಳುವ ಬ್ರಾಂಚಾದರೆ ‘ರೀರೀರೀ.ಎನೇಬಲ್ಡ್’ ಅನ್ನು ‘ಟ್ರೂ’ ಮಾಡಿಡಿ. ನೀವು ಬಿಡಿಸಿದ್ದನ್ನು ಗಿಟ್ ನೆನಪಿಟ್ಟು ಮುಂದಿನ ಸಲ ತಾನೇ ಹಾಕುತ್ತದೆ. ತಪ್ಪಾಗಿ ಬಿಡಿಸಿದ್ದರೆ ತಪ್ಪನ್ನೂ ಅಷ್ಟೇ ನಿಷ್ಠೆಯಿಂದ ಹಾಕುತ್ತದೆ. ಆಗ ಕಾನ್‌ಫ್ಲಿಕ್ಟ್ ಇರುವಾಗಲೇ ‘ಗಿಟ್ ರೀರೀರೀ ಫರ್ಗೆಟ್’ ಜೊತೆ ಫೈಲಿನ ಹೆಸರು ಕೊಡಿ.

ಪ್ರಶ್ನೆ: ರೀಬೇಸ್ ಮುಗಿಸಿ ಪುಶ್ ಮಾಡಿದರೆ (ಸರ್ವರಿಗೆ ಕಳಿಸಿದರೆ) ತಿರಸ್ಕಾರವಾಗುತ್ತದೆ. ಪುಲ್ ಮಾಡಿದೆ (ಸರ್ವರಿನದನ್ನು ತಂದು ಬೆರೆಸಿದೆ), ಕಮಿಟ್‌ಗಳೆಲ್ಲ ಎರಡೆರಡಾದವು.

ಉತ್ತರ: ರೀಬೇಸ್ ನಿಮ್ಮ ಕಮಿಟ್‌ಗಳನ್ನು ಹೊಸದಾಗಿ ಬರೆಯುತ್ತದೆ, ಸರ್ವರಿನಲ್ಲಿ ಹಳೆಯವೇ ಇರುತ್ತವೆ. ಪುಲ್ ಮಾಡಿದಾಗ ಹಳೆಯವೂ ಹೊಸವೂ ಬೆರೆತಿವೆ. ‘ಗಿಟ್ ರೀಫ್ಲಾಗ್’ನಲ್ಲಿ (ಬ್ರಾಂಚು ಎಲ್ಲೆಲ್ಲಿ ಇತ್ತೆಂಬ ದಾಖಲೆ) ರೀಬೇಸ್ ಮುಗಿದ ಸಾಲು ಹುಡುಕಿ, ಕಮಿಟ್ ಆಗದ ಕೆಲಸ ಉಳಿದಿಲ್ಲವೆಂದು ನೋಡಿಕೊಂಡು, ಅದಕ್ಕೆ ‘ಗಿಟ್ ರೀಸೆಟ್ --ಹಾರ್ಡ್’ ಮಾಡಿ. ಬ್ರಾಂಚು ನಿಮ್ಮೊಬ್ಬರದೇ ಆದರೆ ‘ಗಿಟ್ ಪುಶ್ --ಫೋರ್ಸ್-ವಿತ್-ಲೀಸ್’. ನೀವು ಕೊನೆಯ ಸಲ ತಂದದ್ದಕ್ಕಿಂತ ಸರ್ವರಿನ ಬ್ರಾಂಚು ಬದಲಾಗಿದ್ದರೆ ಇದು ಪುಶ್ ತಡೆಯುತ್ತದೆ. ಎಡಿಟರ್ ಹಿನ್ನೆಲೆಯಲ್ಲಿ ತಾನೇ ಫೆಚ್ ಮಾಡುತ್ತಿದ್ದರೆ (ಸರ್ವರಿನ ಸ್ಥಿತಿ ತರುತ್ತಿದ್ದರೆ) ಈ ರಕ್ಷಣೆ ಸಡಿಲವಾಗುತ್ತದೆ. ಜೊತೆಗೆ ‘--ಫೋರ್ಸ್-ಇಫ್-ಇನ್‌ಕ್ಲೂಡ್ಸ್’ ಸೇರಿಸಿ.